ಪಕ್ಕದ ತೊಟ್ಟಿ ಮನೆ ಬೀಳೋ ಹಾಗಿದೆ, ನೋಟಿಸ್ ಅಂಟಿಸಿ ಎರಡು ಮಳೆಗಾಲ ಆಯ್ತು, ಮುಂದೇನು ಮಾಡೋದು?

ಅಗ್ರಹಾರದ ಸಾಲುಮನೆ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ಮದು ಮೈಸೂರಿನ ಕೆ.ಆರ್. ಮೊಹಲ್ಲಾದಲ್ಲಿ ತಾತನ ಕಾಲದ ಸಾಲು ಮನೆ, ನಮಗೂ ಪಕ್ಕದವರಿಗೂ ಮಧ್ಯೆ ಇರೋದು ಒಂದೇ ಗೋಡೆ. ಪಕ್ಕದ್ದು ತೊಟ್ಟಿ ಮನೆ. ಅಲ್ಲಿದ್ದ ಅಜ್ಜಿ ತೀರಿಕೊಂಡ ಮೇಲೆ ಬೀಗ ಬಿತ್ತು, ಎಂಟು ವರ್ಷ ಆಯ್ತು, ಬೀಗ ತೆಗೆದವರಿಲ್ಲ. ಪಾಲುದಾರರು ಒಂಬತ್ತು ಜನ, ಮೂರು ಜನ ಬೆಂಗಳೂರಲ್ಲಿ, ಒಬ್ಬರು ಅಮೆರಿಕದಲ್ಲಿ, ಉಳಿದವರು ಇಲ್ಲೇ ಇದ್ದರೂ ಒಬ್ಬರ ಮುಖ ಒಬ್ಬರು ನೋಡಲ್ಲ, ಕೋರ್ಟಲ್ಲಿ ಪಾರ್ಟಿಷನ್ ಸೂಟ್, ಅಂದ್ರೆ ಆಸ್ತಿ ಪಾಲಿನ ಕೇಸ್, ನಡೀತಿದೆ.

ಹಿಂದಿನ ಅಡುಗೆಮನೆ ಮಾಡು ಹೋದ ವರ್ಷ ಕುಸೀತು. ರಾತ್ರಿ ಹನ್ನೊಂದೂವರೆಗೆ ದೊಪ್ಪಂತ ಸದ್ದು, ನಾವು ಸಿಲಿಂಡರ್ ಸಿಡೀತೇನೋ ಅಂದ್ಕೊಂಡು ಬೀದಿಗೆ ಓಡಿ ಬಂದ್ವಿ. ಗೋಡೆ ಮೇಲೆ ಅರಳಿ ಗಿಡ ಈಗ ನನ್ನೆತ್ತರಕ್ಕಿದೆ. ನಮ್ಮ ದೇವರಮನೆ ಗೋಡೆಲಿ ಸೂರಿಂದ ನೆಲದವರೆಗೂ ಬಿರುಕು ಬಿಟ್ಟಿದೆ, ಅದರ ಪಕ್ಕದ ರೂಮಲ್ಲೇ ಅಮ್ಮ ಮಲಗೋದು, ಅವರಿಗೆ 78.

ಕಾರ್ಪೊರೇಷನ್ ಅವರು ಬಾಗಿಲಿಗೆ ನೋಟಿಸ್ ಅಂಟಿಸಿದ್ದು ಹೋದ ವರ್ಷ ಮಳೆಗಾಲಕ್ಕೂ ಮುಂಚೆ, ಶಿಥಿಲಗೊಂಡಿರುವುದರಿಂದ ಏಳು ದಿನದೊಳಗೆ ತೆರವುಗೊಳಿಸತಕ್ಕದ್ದು ಅಂತ. ಆ ಕಾಗದ ಬಿಸಿಲಿಗೆ ಬೆಳ್ಳಗಾಗಿ ಈಗ ಅಕ್ಷರಾನೇ ಕಾಣಲ್ಲ. ಆಫೀಸಿಗೆ ಹೋಗಿ ಕೇಳಿದ್ರೆ ಕೇಸ್ ಇದೆಯಲ್ಲ ನಾವು ಕೈ ಹಾಕಕ್ಕಾಗಲ್ಲ ಅಂತಾರೆ, ಪಾಲುದಾರರನ್ನ ಕೇಳಿದ್ರೆ ನೋಟಿಸ್ ನಮ್ಮ ಹೆಸರಿಗೆ ಬಂದೇ ಇಲ್ಲ ಅಂತಾರೆ. ನನಗೆ ಆ ಮನೆ ಕೆಡವಿಸಬೇಕು ಅನ್ನೋ ಹಟ ಇಲ್ಲ, ಚಿಕ್ಕವನಿದ್ದಾಗ ಆ ತೊಟ್ಟಿಲಿ ಆಡಿ ಬೆಳೆದವನು ನಾನು. ಆದ್ರೆ ನೋಟಿಸಿಗೂ ಜೆಸಿಬಿಗೂ ಮಧ್ಯೆ ಏನೂ ಇಲ್ವಾ? ಗೊತ್ತಿರೋರು ಹೇಳಿ.

ಸಯ್ಯಾಜಿರಾವ್ ರಸ್ತೆ ಅಂಗಡಿ
ನಿಮ್ಮ ಭಯ ಅರ್ಥ ಆಗತ್ತೆ ಸಾರ್. 2012ರ ಆಗಸ್ಟ್ 25, ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಒಂದು ಭಾಗ ಬಿದ್ದು ನಾಲ್ಕು ಜನ ಹೋದ್ರು. ಶನಿವಾರ, ಅಂಗಡಿಗಳು ತೆಗೆದಿದ್ವು. ನಾನು ಅವತ್ತು ಆ ಕಡೆನೇ ಇದ್ದೆ, ಆ ಧೂಳು ಇವತ್ತಿಗೂ ಕಣ್ಣಲ್ಲಿದೆ. ಆಮೇಲೆ 2016ರಲ್ಲಿ, ಅದೂ ಆಗಸ್ಟ್ ಕೊನೇಲೇ, ದೇವರಾಜ ಮಾರ್ಕೆಟ್ ಉತ್ತರದ ಕಡೆ ಭಾಗ ಕುಸೀತು, ರಿಪೇರಿ ನಡೀತಿರೋವಾಗಲೇ. ಭಾನುವಾರ ಆಗಿದ್ದಕ್ಕೆ ಯಾರಿಗೂ ಏನೂ ಆಗಲಿಲ್ಲ, ಹಬ್ಬದ ಹಿಂದಿನ ದಿನ ಆಗಿದ್ರೆ ಹೂವಿನ ಸಾಲಲ್ಲಿ ಕಾಲಿಡೋಕೆ ಜಾಗ ಇರ್ತಿರಲಿಲ್ಲ, ನೆನೆಸಿಕೊಂಡ್ರೆ ಮೈ ಝುಂ ಅನ್ನತ್ತೆ. ಎರಡೂ ಮಳೆಗಾಲದಲ್ಲೇ ಬಿದ್ದಿದ್ದು ನೋಡಿ.

ಆದ್ರೆ ಬಾಡಿಗೆಗಿರೋ ನಮ್ಮಂಥವರ ಕಷ್ಟಾನೂ ಕೇಳಿ. ಶಿಥಿಲ ಅಂತ ಒಂದು ಚೀಟಿ ಅಂಟಿಸಿದ್ರೆ ಸಾಕು, ಓನರ್‌ಗೆ ಅದೇ ಬೇಕಾಗಿರತ್ತೆ, ಬಾಡಿಗೆ ಕೇಸ್ ಹಾಕೋ ತಾಪತ್ರಯಾನೇ ಇಲ್ಲದೆ ನಲವತ್ತು ವರ್ಷದ ಅಂಗಡಿ ಒಂದು ವಾರದಲ್ಲಿ ಖಾಲಿ. ಮತ್ತೆ ಕಟ್ಟಿದ ಮೇಲೆ ನಮಗೆ ಅಲ್ಲಿ ಜಾಗ ಕೊಡ್ತಾರೆ ಅಂತ ಯಾರೂ ಬರೆದುಕೊಡಲ್ಲ. ನಮ್ಮ ಮಳಿಗೆಗೆ ಅಂಥ ಚೀಟಿ ಬಂದಾಗ ಕಟ್ಟಡ ನೋಡಿ ಬರೆದವರು ಒಳಗೆ ಕಾಲೇ ಇಟ್ಟಿರಲಿಲ್ಲ, ಬೀದಿಲಿ ನಿಂತು ಫೋಟೋ ಹೊಡ್ಕೊಂಡು ಹೋಗಿದ್ರು.

ಗಾರೆ ಸುಣ್ಣ
ನಾನು ಸಿವಿಲ್ ಇಂಜಿನಿಯರ್, ಹಳೇ ಕಟ್ಟಡಗಳ ರಿಪೇರಿ ಕೆಲಸ ಮಾಡ್ತೀನಿ. ಮೊದಲು ನಿಮ್ಮ ಗೋಡೆ ವಿಷಯ.

ಈ ತೊಟ್ಟಿ ಮನೆಗಳು ನೂರು ವರ್ಷ ಆಯ್ತು ಅಂತ ಬೀಳಲ್ಲ ಸಾರ್, ನೀರು ಇಳಿದು ಬೀಳ್ತವೆ. ಮದ್ರಾಸ್ ತಾರಸಿ ಇದ್ರೆ ತೇಗದ ತೊಲೆ ಮೇಲೆ ಸಣ್ಣ ಇಟ್ಟಿಗೆ ನಿಲ್ಲಿಸಿ ಸುಣ್ಣದ ಗಾರೆಲಿ ಕಟ್ಟಿರ್ತಾರೆ, ಅದರ ಮೇಲೆ ಇಟ್ಟಿಗೆ ಚೂರು ಸುಣ್ಣ ಹಾಕಿ ಬಡಿದಿರ್ತಾರೆ. ತೊಲೆಯ ತುದಿ ಗೋಡೆ ಒಳಗೆ ಕೂತಿರತ್ತಲ್ಲ, ಸೋರಿದ ನೀರು ನಿಲ್ಲೋದು ಅಲ್ಲೇ, ಕೊಳೆಯೋದೂ ಅಲ್ಲೇ. ಕೆಳಗೆ ನಿಂತು ನೋಡಿದ್ರೆ ತೊಲೆ ಗಟ್ಟಿಮುಟ್ಟಾಗಿ ಕಾಣತ್ತೆ, ಗೋಡೆ ಪಕ್ಕದಲ್ಲಿ ಸ್ಕ್ರೂಡ್ರೈವರ್ ಚುಚ್ಚಿದ್ರೆ ಬೆಣ್ಣೆಗೆ ಚುಚ್ಚಿದ ಹಾಗೆ ಒಳಗೆ ಹೋಗತ್ತೆ. ಸೋರತ್ತೆ ಅಂತ ಮೇಲೆ ಸಿಮೆಂಟ್ ಕಾಂಕ್ರೀಟ್ ಬಳಿದುಬಿಡ್ತಾರೆ, ಭಾರಾನೂ ಜಾಸ್ತಿ, ಒಳಗಿನ ತೇವ ಆರೋದಕ್ಕೂ ದಾರಿ ಇಲ್ಲ. ನಾನು ನೋಡಿರೋ ಹತ್ತು ಕುಸಿತದಲ್ಲಿ ಆರೇಳು ಇಂಥವೇ.

ನೀವು ಈಗ ಮಾಡಬೇಕಾದ್ದು: ಬಿರುಕಿನ ಮೇಲೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಅಂಟಿಸಿ, ತಾರೀಕು ಬರೀರಿ, ಮೂರು ಕಡೆ. ಗಾಜು ಸೀಳಿದ್ರೆ ಗೋಡೆ ಇನ್ನೂ ಜರುಗ್ತಿದೆ ಅಂತ ಅರ್ಥ, ಸೀಳದೇ ಇದ್ರೆ ಹಳೇ ಬಿರುಕು, ಸ್ವಲ್ಪ ಉಸಿರಾಡಬಹುದು. ಅಮ್ಮನ್ನ ಮಾತ್ರ ಇವತ್ತೇ ಬೀದಿ ಕಡೆ ರೂಮಿಗೆ ಕಳಿಸಿ, ಗಾಜು ನೋಡ್ಕೊಂಡು ಕೂರಬೇಡಿ. ಇನ್ನು ಆ ಅರಳಿ ಗಿಡ ಯಾರೂ ಕಿತ್ತು ಎಳೀಬೇಡಿ, ಬೇರು ಇಟ್ಟಿಗೆ ಮಧ್ಯೆ ಹಬ್ಬಿರತ್ತೆ, ಎಳೆದ್ರೆ ಗೋಡೆನೂ ಜೊತೆಗೆ ಬರತ್ತೆ. ಬುಡಕ್ಕೆ ಕತ್ತರಿಸಿ ಬುಡ ಸಾಯೋಕೆ ಔಷಧಿ ಹಾಕಬೇಕು.

ಮಂಡ್ಯ ಪೇಟೆಬೀದಿ
ಅಣ್ಣ ನಮ್ ಕಡೆನೂ ಇದೇ ಕತೆ ಕಣಣ್ಣ. ನಮ್ದು ಮಣ್ಣಿನ ಗೋಡೆ ನಾಡಹೆಂಚಿನ ಮನೆಗಳು, ನಾಲೆ ನೀರು ಬುಟ್ಟಾಗ ಗೋಡೆ ಬುಡ ತೇವ ಎಳ್ಕಂಡು ಮೊಳಕಾಲುದ್ದ ಉದುರ್ತದೆ, ಮ್ಯಾಲೆ ಹೆಂಚು ಜರುಗುದ್ರೆ ಮುಗೀತು. ಕಾರ್ಪೊರೇಷನ್ ಕಾನೂನು ಬೇರೆ, ನಗರಸಭೆ ಇರೋ ಊರಿಗೆ 1964ರ ಮುನಿಸಿಪಾಲಿಟಿ ಕಾಯ್ದೆ ಅಂತ ವಕೀಲ್ರು ಯೋಳುದ್ರು. ಕಾಯ್ದೆ ಯಾವ್ದಾದ್ರೂ ಆಗ್ಲಿ, ಚೀಟಿ ಅಂಟ್ಸೋದು ಒಂದೇ ತರ.

ನಮ್ ಬೀದೀಲಿ ಒಂದ್ ಮನೆ ಕೆಡುವ್ದಾಗ ಏನಾಯ್ತು ಯೋಳ್ತೀನಿ ಕೇಳಿ. ಕೆಡವಕೆ ಬಂದೋನು ಓನರ್‌ಗೇ ದುಡ್ ಕೊಟ್ಟು ವಹಿಸ್ಕಂಡಿದ್ದ, ತೊಲೆ ಬಾಗ್ಲು ಕಂಬ ಎಲ್ಲಾ ಅವನಿಗೇ ಅಂತ ಮಾತು. ಅದುಕ್ಕೆ ಅವ್ನು ಮೊದ್ಲು ಏನ್ ಮಾಡ್ದ, ಒಳಗಡೆಯಿಂದ ತೊಲೆ ಎಳ್ಕಂಡ. ತೊಲೆ ವೋದ್ ಮ್ಯಾಲೆ ಗೋಡೆ ಬರೀ ಇಸ್ಪೀಟ್ ಎಲೆ ನಿಂತಂಗೆ. ಪಕ್ಕದ ಮನೆ ಜಗುಲಿ ಮ್ಯಾಲೇ ಬಿತ್ತು, ಅಲ್ಲಿ ಕಟ್ಟಿದ್ದ ಎಮ್ಮೆಕರ ಸತ್ತೋಯ್ತು. ಮನ್ಸ ಇದ್ದಿದ್ರೆ? ಕೆಡವ್ಸಿ ಕೆಡವ್ಸಿ ಅಂತೀರಲ್ಲ, ಹೆಂಗ್ ಕೆಡವ್ತಾರೆ ಅಂತ ಯಾರೂ ನೋಡಕಿಲ್ಲ.

ಗಾರೆ ಸುಣ್ಣ
ಮಂಡ್ಯದ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಮರಮುಟ್ಟಿನ ಲೆಕ್ಕದಲ್ಲಿ ಕೆಡವಕ್ಕೆ ಕೊಟ್ರೆ ಹೀಗೇ ಆಗೋದು. ಕಟ್ಟಿದ್ದು ಕೆಳಗಿಂದ ಮೇಲಕ್ಕೆ, ಬಿಚ್ಚೋದು ಮೇಲಿಂದ ಕೆಳಕ್ಕೆ, ಹೆಂಚು, ಅದರ ಕೆಳಗಿನ ರಿಪೀಸು ಪಟ್ಟಿ, ಆಮೇಲೆ ತೊಲೆ, ಆ ತೊಲೆ ತೆಗೆಯೋಕೂ ಮುಂಚೆ ಗೋಡೆಗೆ ಸಪೋರ್ಟ್. ಸಾಲು ಮನೆಗಳ ಮಧ್ಯೆ ಜೆಸಿಬಿ ತರಲೇಬಾರದು. ಇಲ್ಲೇ 2025ರ ಜನವರಿಲಿ ಮಹಾರಾಣಿ ಕಾಲೇಜಿನ ಹಳೇ ಕಟ್ಟಡ ಕೆಡವೋವಾಗ ಕುಸಿದು ಕೆಲಸಗಾರ ಒಬ್ಬ ಅವಶೇಷದಡಿ ಸಿಕ್ಕಿ ಸತ್ತೋದ. ಅಪಾಯದ ಕಟ್ಟಡ ಅಂತ ಗೊತ್ತಾದ ಮೇಲೂ ಅದರೊಳಗೆ ಹೋಗೋನು ದಿನಗೂಲಿಯವನೇ.

ಕೋರ್ಟ್ ರಸ್ತೆ
ಮೂಲ ಪ್ರಶ್ನೆಗೆ ಬರ್ತೀನಿ, ನಾನು ವಕೀಲೆ, ಸಿವಿಲ್ ಕಡೆ.

ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ಸ್ ಕಾಯ್ದೆ 1976, ಸೆಕ್ಷನ್ 322 ಒಂದ್ಸಲ ಓದಿ. ಜನ ಇದನ್ನ 321ರ ಜೊತೆ ಕಲಸಿಬಿಡ್ತಾರೆ. 321 ಇರೋದು ಅನುಮತಿ ಇಲ್ಲದೆ ಕಟ್ಟಿದ್ದಕ್ಕೆ. 322 ಅಪಾಯದ ಕಟ್ಟಡಕ್ಕೆ. ಅದರಲ್ಲಿ ಕಾರ್ಪೊರೇಷನ್ ಕಮಿಷನರ್ ಏನು ಮಾಡಿಸಬಹುದು ಅಂದ್ರೆ ಸುತ್ತ ಬೇಲಿ ಹಾಕಿಸೋದು, ಕೆಡವಿಸೋದು, ಭದ್ರ ಮಾಡಿಸೋದು, ರಿಪೇರಿ ಮಾಡಿಸೋದು. ನಾಲ್ಕು ದಾರಿ ಇದೆ! ನೋಟಿಸಲ್ಲಿ ಮಾತ್ರ ಯಾವಾಗ್ಲೂ ತೆರವುಗೊಳಿಸತಕ್ಕದ್ದು ಅಂತ ಒಂದೇ. ನಾನು ನೋಡಿದ ಅಷ್ಟೂ ನೋಟಿಸಲ್ಲಿ ಭದ್ರಪಡಿಸಿ ಅನ್ನೋ ಪದ ಒಂದ್ಸಲಾನೂ ಕಂಡಿಲ್ಲ. ತಕ್ಷಣ ಮಾಡಲೇಬೇಕಾದ ಸ್ಥಿತಿ ಇದ್ರೆ ನೋಟಿಸ್ ಅವಧಿ ಮುಗಿಯೋವರೆಗೂ ಕಾಯೋ ಹಾಗಿಲ್ಲ, ತಾವೇ ಮಾಡಿಸಿ ಖರ್ಚನ್ನ ಮಾಲೀಕರಿಂದ ವಸೂಲಿ ಮಾಡಬಹುದು. ಒಂಬತ್ತು ಪಾಲುದಾರರು ಇದ್ರೇನು, ಖರ್ಚು ಆಸ್ತಿ ಮೇಲೆ ಕೂರತ್ತೆ, ನಾಳೆ ಯಾರ ಪಾಲಿಗೆ ಬಂದ್ರೂ ಅವರು ತೀರಿಸಲಿ.

ಕೇಸ್ ಇದೆ ಅಂತ ಕೈ ಹಾಕಲ್ಲ ಅನ್ನೋದು ತಪ್ಪು. ಪಾರ್ಟಿಷನ್ ಸೂಟಲ್ಲಿ ಇರೋದು ಯಾರಿಗೆ ಎಷ್ಟು ಪಾಲು ಅನ್ನೋ ಜಗಳ, ಮಾಡಿಗೆ ಟಾರ್ಪಾಲ್ ಹಾಕಬೇಡಿ ಅಂತ ಯಾವ ಕೋರ್ಟೂ ಹೇಳಿರಲ್ಲ. ಸ್ಟೇ ಇದೆ ಅಂದ್ರೆ ಆರ್ಡರ್ ಕಾಪಿ ತರಿಸಿ ಓದಿ, ಬಹಳ ಸಲ ಅದು ಮಾರಬೇಡಿ ಪರಭಾರೆ ಮಾಡಬೇಡಿ ಅಂತ ಅಷ್ಟೇ ಇರತ್ತೆ. ಪಾಲುದಾರರಲ್ಲಿ ಒಬ್ಬರಾದ್ರೂ ಮನಸ್ಸು ಮಾಡಿದ್ರೆ ಅದೇ ಸೂಟಲ್ಲಿ ಸಿಪಿಸಿ (ಸಿವಿಲ್ ಕೇಸ್ ನಡೆಸೋ ಕಾಯ್ದೆ) ಆರ್ಡರ್ 26 ರೂಲ್ 9ರ ಕೆಳಗೆ ಕೋರ್ಟ್ ಕಮಿಷನರ್ ಬಂದು ನೋಡೋ ಹಾಗೆ ಅರ್ಜಿ ಹಾಕಬಹುದು, ಆರ್ಡರ್ 40ರಲ್ಲಿ ರಿಸೀವರ್, ಅಂದ್ರೆ ಆಸ್ತಿ ನೋಡ್ಕೊಳ್ಳೋಕೆ ಕೋರ್ಟ್ ನೇಮಿಸೋರನ್ನ, ಕೇಳಬಹುದು, ಮನೆ ಕಾಪಾಡೋ ಜವಾಬ್ದಾರಿ ಆಗ ಅವರ ಮೇಲೆ.

ನಿಮಗೆ ಪಾಲುದಾರರ ಹಂಗೇ ಬೇಡ ಅಂದ್ರೆ ಇನ್ನೊಂದು ದಾರಿ. ಹಳೇ ಸಿಆರ್‌ಪಿಸಿ 133 ಇತ್ತಲ್ಲ, 2024ರ ಜುಲೈ 1ರಿಂದ ಅದು ಹೊಸ ಕಾಯ್ದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಬಿಎನ್‌ಎಸ್‌ಎಸ್, ಸೆಕ್ಷನ್ 152. ಬಿದ್ದು ಅಕ್ಕಪಕ್ಕದವರಿಗೆ ದಾರಿಹೋಕರಿಗೆ ಪೆಟ್ಟಾಗೋ ಹಾಗಿರೋ ಕಟ್ಟಡ, ಮರ, ಎಲ್ಲಾ ಅದರಲ್ಲಿ ಬರತ್ತೆ, ತೆಗೆಸಿ ಅಥವಾ ರಿಪೇರಿ ಮಾಡಿಸಿ ಅಥವಾ ಆಧಾರ ಕೊಡಿಸಿ ಅಂತ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್ ಆರ್ಡರ್ ಮಾಡಬಹುದು. ಜನ ಇದನ್ನ ಚರಂಡಿ ವಾಸನೆಗೆ ಮಾತ್ರ ಬಳಸ್ತಾರೆ, ಗೋಡೆಗೂ ಇದೆ.

ನೋಟಿಸ್ ಬರೆದ ಕೈ
ನಾನು ಬೇರೆ ಊರಿನ ಸ್ಥಳೀಯ ಸಂಸ್ಥೇಲಿ ಕೆಲಸ ಮಾಡಿ ರಿಟೈರ್ ಆದವನು, ಇಂಥ ನೋಟಿಸ್ ನೂರಾರು ಬರೆದಿದೀನಿ. ವಕೀಲ ಮೇಡಂ ಹೇಳಿದ್ದು ಕಾನೂನಲ್ಲಿ ಸರಿ. ಆದ್ರೆ ಒಳಗೆ ಏನು ನಡಿಯತ್ತೆ ಅಂತ ಹೇಳ್ತೀನಿ.

ನೋಟಿಸ್ ಅಂಟಿಸಿದ್ರೆ ಕಡತದಲ್ಲಿ ಒಂದು ಹಾಳೆ ಸೇರತ್ತೆ. ನಾಳೆ ಬಿದ್ರೆ ನಾವು ಎಚ್ಚರಿಕೆ ಕೊಟ್ಟಿದ್ವಿ ಅಂತ ತೋರಿಸಬಹುದು. ಭದ್ರ ಮಾಡಿಸಕ್ಕೆ ಹೊರಟ್ರೆ ಎಸ್ಟಿಮೇಟ್ ಬೇಕು, ದುಡ್ಡು ಯಾವ ಹೆಡ್ಡಲ್ಲಿ ಅಂತ ಬೇಕು, ಖಾಸಗಿ ಮನೆಗೆ ಯಾಕೆ ಖರ್ಚು ಮಾಡಿದ್ರಿ ಅಂತ ಆಡಿಟ್‌ನವರು ಕೇಳ್ತಾರೆ, ವಸೂಲಿ ಆಗದೇ ಇದ್ರೆ ಆ ಅಬ್ಜೆಕ್ಷನ್ ರಿಟೈರ್ ಆದ ಮೇಲೂ ಬೆನ್ನು ಬಿಡಲ್ಲ. ಬಿದ್ದ ಮೇಲೆ ಯಾರನ್ನೂ ಯಾಕೆ ಸಪೋರ್ಟ್ ಕೊಡಲಿಲ್ಲ ಅಂತ ಕೇಳಿದ್ದು ನನ್ನ ಸರ್ವೀಸಲ್ಲಿ ನೋಡಿಲ್ಲ. ನನ್ನ ಕಾಲದಲ್ಲೂ ಒಂದು ಮನೆ ಬಿತ್ತು, ನೋಟಿಸ್ ಕೊಟ್ಟಿದ್ದೆ, ಕಾಗದ ಸರಿಯಾಗಿತ್ತು, ನನಗೇನೂ ಆಗಲಿಲ್ಲ. ಆ ಮನೆಯ ಹುಡುಗಿ ಕಾಲು ಹೋಯ್ತು. ಅದನ್ನ ಇವತ್ತಿಗೂ ಮರೆತಿಲ್ಲ, ಅದಕ್ಕೇ ಇಷ್ಟು ಬರೀತಿರೋದು.

ನೀವು ಅರ್ಜಿ ಕೊಡೋವಾಗ ಕೆಡವಿ ಅಂತ ಬರೀಬೇಡಿ. 322ರಂತೆ ಬೇಲಿ ಹಾಕಿಸಿ ಭದ್ರಪಡಿಸಿ ಅಂತ ಬರೀರಿ, ಬಿರುಕಿನ ಫೋಟೋ ತಾರೀಕು ಸಮೇತ ಲಗತ್ತಿಸಿ, ಟಪ್ಪಾಲಲ್ಲಿ ಕೊಟ್ಟು ಇನ್‌ವರ್ಡ್ ನಂಬರ್ ಇಸ್ಕೊಳ್ಳಿ. ಹದಿನೈದು ದಿನ ಬಿಟ್ಟು ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, ಈ ಅರ್ಜಿ ಮೇಲೆ ಕಡತದಲ್ಲಿ ಯಾರು ಏನು ಟಿಪ್ಪಣಿ ಬರೆದಿದಾರೆ ಅದರ ನಕಲು ಕೊಡಿ ಅಂತ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಟಿಪ್ಪಣಿಲಿ ತನ್ನ ಸಹಿ ಇದೆ ಅಂತ ಗೊತ್ತಾದಾಗಲೇ ಕಡತ ಅಲ್ಲಾಡೋದು.

ತೊಟ್ಟಿಯ ತುಳಸಿಕಟ್ಟೆ
ಇದನ್ನೆಲ್ಲಾ ಓದಿ ಒಂದು ಮಾತು. ಮೈಸೂರಲ್ಲಿ ಪಾರಂಪರಿಕ ಕಟ್ಟಡ ಅಂದ್ರೆ ಅರಮನೆ, ಮಾರ್ಕೆಟ್ಟು, ಗಡಿಯಾರ ಅಷ್ಟೇ ಅನ್ಕೋತೀವಿ. ಲ್ಯಾನ್ಸ್‌ಡೌನ್ ಉಳಿಸಬೇಕೋ ಕೆಡವಬೇಕೋ, ದೇವರಾಜ ಮಾರ್ಕೆಟ್ ಉಳಿಸಬೇಕೋ ಕೆಡವಬೇಕೋ ಅಂತ ಸಮಿತಿ, ಕೋರ್ಟು, ವರ್ಷಗಟ್ಟಲೆ ವಾದ ನಡೀತು, ಒಳ್ಳೇದೇ, ಅಷ್ಟಾದ್ರೂ ಆಯ್ತಲ್ಲ. ಅಗ್ರಹಾರದ ತೊಟ್ಟಿ ಮನೆಗೆ ವಾದ ಮಾಡೋರೇ ಇಲ್ಲ. ಮಾಡು ಸೋರೋಕೆ ಬಿಟ್ಟು, ಎರಡು ಮಳೆ ಕಳೆದು, ಆಮೇಲೆ ಅಯ್ಯೋ ಶಿಥಿಲ ಅಂತ ಕೆಡವಿ ಅಪಾರ್ಟ್‌ಮೆಂಟ್. ಬೇಕಂತಲೇ ಹಾಳಾಗೋಕೆ ಬಿಡೋರು ಇದಾರೆ, ನಮ್ಮ ಬೀದಿಲೇ ಒಬ್ಬರು ತಾವೇ ಹೆಂಚು ತೆಗೆಸಿದ್ದು ಕಣ್ಣಾರೆ ನೋಡಿದೀನಿ. ಅಂಥವರಿಗೆ ಕೆಡವಿ ಅನ್ನೋ ನೋಟಿಸ್ ಶಿಕ್ಷೆ ಅಲ್ಲ, ಬಹುಮಾನ.

ಸಯ್ಯಾಜಿರಾವ್ ರಸ್ತೆ ಅಂಗಡಿ
ಮೇಡಂ ಉಳಿಸೋದು ಸರಿ, ಆದ್ರೆ ದುಡ್ಡು? ತೇಗದ ಮರ ಇವತ್ತು ಯಾವ ರೇಟಿದೆ ಗೊತ್ತಲ್ಲ, ಸುಣ್ಣದ ಗಾರೆ ಕೆಲಸ ಬರೋ ಮೇಸ್ತ್ರಿ ಬೆರಳೆಣಿಕೆ. ನಮ್ಮ ಓನರ್‌ಗೆ ನಾವು ಕೊಡೋ ಬಾಡಿಗೆ ಹಳೇ ಕಾಲದ್ದು, ಅವರು ರಿಪೇರಿ ಮಾಡಿಸಲ್ಲ, ರಿಪೇರಿ ಇಲ್ಲ ಅಂತ ನಾವು ಬಾಡಿಗೆ ಜಾಸ್ತಿ ಮಾಡಲ್ಲ, ಹೀಗೇ ಮೂವತ್ತು ವರ್ಷ ಹೋಯ್ತು. ತಪ್ಪು ನಮ್ಮದೂ ಇದೆ ಅಂತ ಒಪ್ಕೋತೀನಿ.

ಇನ್ನೊಂದು ವಿಷಯ, ಜಂಬೂಸವಾರಿ ದಿನ ನಮ್ಮ ರಸ್ತೆಲಿ ಹಳೇ ಕಟ್ಟಡಗಳ ಸಜ್ಜಾ ಮೇಲೆ, ತಾರಸಿ ಅಂಚಲ್ಲಿ ಜನ ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ನಿಂತಿರ್ತಾರೆ. ನಾನು ಹೋದ ಸಲ ನಮ್ಮ ಮಹಡಿ ಬಾಗಿಲಿಗೆ ಬೀಗ ಹಾಕಿ ಕೆಳಗೆ ಕೂತೆ, ಜನ ಬೈದ್ರು, ಬೈಯಲಿ.

ಕೋರ್ಟ್ ರಸ್ತೆ
ಅಂಗಡಿ ಸಾರ್, ನಿಮಗೆ ಒಂದು ಮಾತು. ಕರ್ನಾಟಕ ಬಾಡಿಗೆ ಕಾಯ್ದೆ 1999ರಲ್ಲಿ ವ್ಯಾಪಾರದ ಜಾಗ 14 ಚದರ ಮೀಟರ್‌ಗಿಂತ ದೊಡ್ಡದಿದ್ರೆ ಬಾಡಿಗೆದಾರರಿಗೆ ಆ ಕಾಯ್ದೆಯ ರಕ್ಷಣೆ ಇಲ್ಲ, ಅಂದ್ರೆ ಸುಮಾರು 150 ಚದರ ಅಡಿ. ಮೊದಲು ನಿಮ್ಮ ಅಂಗಡಿ ಅಳತೆ ಮಾಡಿಸಿ ಬರೆದಿಟ್ಕೊಳ್ಳಿ. ಶಿಥಿಲ ಅಂತ ಚೀಟಿ ಬಂದ್ರೆ ಯಾವ ಇಂಜಿನಿಯರ್ ಯಾವತ್ತು ಒಳಗೆ ಬಂದು ನೋಡಿದ್ರು, ವರದಿ ಎಲ್ಲಿ ಅಂತ ಬರವಣಿಗೆಲಿ ಕೇಳಿ. ಖಾಲಿ ಮಾಡಲೇಬೇಕಾದ ಸ್ಥಿತಿ ನಿಜವಾಗಿದ್ರೆ ಹೊರಗೆ ಬನ್ನಿ, ಪ್ರಾಣ ಮುಖ್ಯ, ಆದ್ರೆ ಹೊರಗೆ ಬರೋ ದಿನ ಅಂಗಡಿ ಅಳತೆ, ಫೋಟೋ, ಬಾಡಿಗೆ ರಸೀದಿ ಎಲ್ಲಾ ಸೇರಿಸಿ ಮಾಲೀಕರಿಗೆ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿ, ಬಾಡಿಗೆ ಹಕ್ಕು ಬಿಟ್ಟುಕೊಡ್ತಿಲ್ಲ ಅಂತ ಸ್ಪಷ್ಟವಾಗಿ ಬರೆದು.

ಆಮೇಲೆ ಬೇರೆಯವರು ಮೆಸೇಜಲ್ಲಿ ಕೇಳಿದ್ರು, 2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಅಧಿಕಾರಿಗಳು ಏನೂ ಮಾಡೋ ಹಾಗಿಲ್ಲವಂತೆ ಅಂತ. ಹಾಗಲ್ಲ. ಬುಲ್ಡೋಜರ್ ತಂದು ರಾತ್ರೋರಾತ್ರಿ ಮನೆ ಉರುಳಿಸೋದರ ವಿರುದ್ಧ ಬಂದ ತೀರ್ಪು ಅದು. 15 ದಿನದ ನೋಟಿಸ್, ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಬೇಕು, ಕಟ್ಟಡಕ್ಕೂ ಅಂಟಿಸಬೇಕು, ಮಾಲೀಕರ ಮಾತು ಕೇಳಬೇಕು, ಕೆಡವೋದನ್ನ ವಿಡಿಯೋ ಮಾಡಬೇಕು. ಒಳ್ಳೇ ತೀರ್ಪು, ಬಡವರ ಮನೆಗೆ ಬೇಕಾಗಿದ್ದಿದ್ದು. ಬೀಳೋ ಗೋಡೆಗೆ ಸಪೋರ್ಟ್ ಕೊಡೋಕೆ ಅದು ಎಲ್ಲೂ ಅಡ್ಡ ಬರಲ್ಲ.

ಮಂಡ್ಯ ಪೇಟೆಬೀದಿ
ಅಕ್ಕ ತುಂಬಾ ಚೆನ್ನಾಗ್ ಬುಡ್ಸಿ ಯೋಳುದ್ರಿ. ಒಂದ್ ಡೌಟು, ನೋಟಿಸ್ ಯಾರ್ ಹೆಸ್ರುಗೆ ಕೊಡ್ತಾರೆ? ನಮ್ಮಲ್ಲಿ ಖಾತೆ ಇನ್ನೂ ಮುತ್ತಾತನ ಹೆಸ್ರಲ್ಲೇ ಐತೆ, ಸತ್ತು ಐವತ್ ವರ್ಸ ಆಗದೆ.

ನೋಟಿಸ್ ಬರೆದ ಕೈ
ಅದೇ ದೊಡ್ಡ ರೋಗ. ಸತ್ತವರ ಹೆಸರಿಗೆ ನೋಟಿಸ್ ಹೋಗತ್ತೆ, ಯಾರೂ ಇಸ್ಕೊಳ್ಳಲ್ಲ, ಬಾಗಿಲಿಗೆ ಅಂಟಿಸ್ತೀವಿ, ಮುಗೀತು. ಕಂದಾಯ ಯಾರು ಕಟ್ತಿದಾರೆ ಅಂತ ನೋಡಬೇಕು. ಎಷ್ಟೇ ಜಗಳ ಇದ್ರೂ ಒಬ್ಬರು ಕಂದಾಯ ಕಟ್ಟಿ ರಸೀದಿ ಇಟ್ಕೊಂಡಿರ್ತಾರೆ, ಪಾಲು ಸಾಬೀತು ಮಾಡಕ್ಕೆ ಬೇಕಲ್ಲ. ಅವರನ್ನ ಹಿಡೀರಿ.

ಅಗ್ರಹಾರದ ಸಾಲುಮನೆ
ಎಲ್ರಿಗೂ ಕೈ ಮುಗೀತೀನಿ. ಐದು ವಾರ ಆದ ಮೇಲೆ ಬರೀತಿದೀನಿ.

ಕಂದಾಯ ಕಟ್ತಿದ್ದವರು ಬೆಂಗಳೂರಲ್ಲಿರೋ ಅಜ್ಜಿಯ ಎರಡನೇ ಮಗ. ಫೋನ್ ಮಾಡಿ ನಿಮ್ಮ ಮನೆ ಬೀಳ್ತಿದೆ ಅಂದಾಗ ಮೊದಲು ಕೋಪ ಮಾಡ್ಕೊಂಡ್ರು, ಕೆಡವಿಸಿ ಸೈಟ್ ಹೊಡೀಬೇಕು ಅಂತ ಇದೀರಾ ಅಂತ. ನಾನು ಕೆಡವೋದು ಬೇಡ ಮಾವ, ಸಪೋರ್ಟ್ ಕೊಡೋಣ ಬನ್ನಿ ಅಂದೆ. ಒಂದು ನಿಮಿಷ ಸುಮ್ನಿದ್ದು ಭಾನುವಾರ ಬರ್ತೀನಿ ಅಂದ್ರು. ಬಂದ್ರು, ಎಂಟು ವರ್ಷಕ್ಕೆ ಬೀಗ ತೆಗೆದ್ರು. ತೊಟ್ಟಿಲಿ ನಿಂತು ಅಳೋಕೆ ಶುರು ಮಾಡಿದ್ರು, ನಾನೂ ಏನು ಹೇಳಲಿ, ಹೊರಗೆ ಬಂದುಬಿಟ್ಟೆ. ಇನ್ನಿಬ್ಬರು ಪಾಲುದಾರರನ್ನ ಅವರೇ ಒಪ್ಪಿಸಿದ್ರು, ಅವರ ವಕೀಲರು ಈ ರಿಪೇರಿಯಿಂದ ಯಾರ ಪಾಲಿಗೂ ಧಕ್ಕೆ ಇಲ್ಲ ಅಂತ ಕೋರ್ಟಿಗೆ ಮೆಮೋ ಹಾಕಿದಾರೆ, ಕೋರ್ಟ್ ಕಮಿಷನರ್ ಅರ್ಜಿ ಮುಂದಿನ ತಾರೀಕಿಗೆ ಬರತ್ತೆ. ಸೆಂಟ್ರಿಂಗ್ ಅಂಗಡಿಯಿಂದ 14 ಜಾಕಿ (ಆಧಾರಕ್ಕೆ ಕೊಡೋ ಕಂಬ) ಬಾಡಿಗೆಗೆ ತಂದು ತೊಲೆಗಳ ಕೆಳಗೆ ಕೊಟ್ಟಿದೀವಿ, ಕುಸಿದ ಕಡೆ ಟಾರ್ಪಾಲ್, ಅರಳಿ ಗಿಡ ಬುಡಕ್ಕೆ ಕತ್ತರಿಸಿದ್ವಿ, ಕತ್ತರಿಸೋ ಮುಂಚೆ ಅಮ್ಮ ಅರಿಶಿನ ಕುಂಕುಮ ಇಟ್ಟು ಬಂದ್ರು. ಖರ್ಚಲ್ಲಿ ಅರ್ಧ ನಾನೇ ಕೊಟ್ಟೆ, ಗೋಡೆ ನನ್ನದೂ ಅಲ್ವಾ.

ಅರ್ಜಿನೂ ಕೊಟ್ಟಿದೀನಿ, ಭದ್ರಪಡಿಸಿ ಅಂತ ಬರೆದೇ, ಇನ್‌ವರ್ಡ್ ನಂಬರ್ ಸಿಕ್ಕಿದೆ, ಇನ್ನೂ ಯಾರೂ ಬಂದಿಲ್ಲ. ಆರ್‌ಟಿಐ ಸೋಮವಾರ ಹಾಕ್ತೀನಿ.

ಗಾಜಿನ ಪಟ್ಟಿ ಮೂರರಲ್ಲಿ ಎರಡು ಹಾಗೇ ಇವೆ. ದೇವರಮನೆದು ಜಾಕಿ ಕೊಟ್ಟ ಮೇಲೆ ಹೊಸದು ಹಾಕಿದ್ದೆ, ಇವತ್ತು ಬೆಳಿಗ್ಗೆ ನೋಡಿದ್ರೆ ಉದ್ದಕ್ಕೆ ಸೀಳಿದೆ. ಗಾರೆ ಸುಣ್ಣ ಸಾರ್, ಫೋಟೋ ಹಾಕಿದೀನಿ, ದಯವಿಟ್ಟು ನೋಡಿ.

ಗಾರೆ ಸುಣ್ಣ
ನೋಡಿದೆ. ಬಿರುಕು ಮೇಲ್ಗಡೆ ಅಗಲ ಜಾಸ್ತಿ ಇದೆ, ಅಂದ್ರೆ ಸೂರಿನ ಹತ್ತಿರ ಗೋಡೆ ನಿಮ್ಮ ಕಡೆ ವಾಲ್ತಿರಬಹುದು. ನಿಮ್ಮ ಕಡೆಯಿಂದ ಓರೆ ಸಪೋರ್ಟ್ ಬೇಕು, ಬರೀ ಜಾಕಿ ಸಾಲಲ್ಲ. ಇವತ್ತು ಸಂಜೆ ಐದೂವರೆಗೆ ಮೇಸ್ತ್ರಿನ ಕರ್ಕೊಂಡು ಬರ್ತೀನಿ, ಲೊಕೇಷನ್ ಕಳಿಸಿ. ಅಲ್ಲಿವರೆಗೂ ಆ ರೂಮಿಗೆ ಯಾರೂ ಕಾಲಿಡಬೇಡಿ, ದೇವರ ದೀಪ ಇವತ್ತು ಹಜಾರದಲ್ಲೇ ಹಚ್ಚಿ ಅಂತ ಅಮ್ಮನಿಗೆ ಹೇಳಿ.